ಕೂಸಿನ ಕಿವಿ ಮತ್ತು ‘ರೆಫರ್’ ಚೀಟಿ

ಪ್ರಶ್ನೆ: ನಮ್ಮ ಆಸ್ಪತ್ರೆಗೆ ಓಎಇ ಯಂತ್ರ (ಕಿವಿಯೊಳಗಿಂದ ಮರಳುವ ಮಾರ್ದನಿ ಹಿಡಿದು ಕೂಸಿನ ಕಿವಿ ನೋಡುವ ಯಂತ್ರ) ಬಂದಿದೆ. ಸಹಜ ಹೆರಿಗೆಯಾದವರು ಮರುದಿನವೇ ಮನೆಗೆ ಹೊರಡುವುದರಿಂದ ಅಷ್ಟರೊಳಗೆ ಕೂಸಿನ ಕಿವಿ ಪರೀಕ್ಷೆ ಮುಗಿಸುತ್ತೇವೆ. ಹತ್ತರಲ್ಲಿ ಮೂರು ಕೂಸುಗಳಿಗೆ ‘ರೆಫರ್’ (ಇನ್ನೊಮ್ಮೆ ನೋಡಬೇಕು) ಎಂದು ಬರುತ್ತದೆ. ಯಂತ್ರ ಕೆಟ್ಟಿದೆಯೇ?
– ಸ್ಟಾಫ್ ನರ್ಸ್, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಯಂತ್ರದ ಮೇಲಿನ ಅನುಮಾನ ಎರಡು ನಿಮಿಷದಲ್ಲಿ ತೀರುತ್ತದೆ. ಕಿವಿ ಚೆನ್ನಾಗಿರುವ ಸಿಬ್ಬಂದಿಯೊಬ್ಬರ ಕಿವಿಗೆ ಪ್ರೋಬ್ (ಯಂತ್ರದ ಕಿವಿತೂತಿಗೆ ಕೂಡಿಸುವ ಭಾಗ) ಇಟ್ಟು ನೋಡಿ. ‘ಪಾಸ್’ ಬಂದರೆ ಯಂತ್ರ ಸರಿ ಇದೆ. ಬರದಿದ್ದರೆ ಪ್ರೋಬ್ ತುದಿಯ ಸಣ್ಣ ತೂತುಗಳಲ್ಲಿ ಜಿಡ್ಡು ಕೂತಿದೆಯೇ ನೋಡಿ. ಸಾಮಾನ್ಯವಾಗಿ ದೋಷ ಅಲ್ಲೇ ಇರುತ್ತದೆ.

ನೀವು ಬರೆದದ್ದು ನೋಡಿದರೆ ಯಂತ್ರಕ್ಕಿಂತ ಹೊತ್ತಿನ ದೋಷವೇ ಹೆಚ್ಚು. ಓಎಇಯಲ್ಲಿ ಸದ್ದು ಒಳಗಿವಿಯ ಶಂಖದವರೆಗೆ ಹೋಗಿ, ಅಲ್ಲಿನ ರೋಮಕೋಶಗಳಿಂದ ಮಾರ್ದನಿಯಾಗಿ ಅದೇ ದಾರಿಯಲ್ಲಿ ಮರಳಬೇಕು. ಹಾಗಾಗಿ ದಾರಿಯಲ್ಲಿ ಚೂರು ಅಡ್ಡಿ ಇದ್ದರೂ ಏಟು ಎರಡು ಸಲ ಬೀಳುತ್ತದೆ. ಮೊದಲ 24 ಗಂಟೆಯಲ್ಲಿ ಕಿವಿತೂತಿನಲ್ಲಿ ಹುಟ್ಟಿನ ಬಿಳಿ ಜಿಡ್ಡು, ಪರದೆಯ ಹಿಂದೆ ನೀರು ಎರಡೂ ಇರುತ್ತವೆ. 48 ಗಂಟೆ ಕಳೆದ ಮೇಲೆ ರೆಫರ್ ತಾನಾಗಿ ಇಳಿಯುತ್ತದೆ. ಅಷ್ಟು ಕಾಯಲಾಗದಿದ್ದರೆ ಡಿಸ್ಚಾರ್ಜಿನ ಕೊನೆಯ ಗಳಿಗೆಯಲ್ಲಿ ಮಾಡಿ, ಮುಂಜಾನೆ ರೌಂಡ್ಸಿನ ಜೊತೆಗಲ್ಲ.

ಇನ್ನು ಸದ್ದು. ನಮ್ಮ ಕಡೆ ಬೇಸಿಗೆಯಲ್ಲಿ ವಾರ್ಡಿನ ಕೂಲರ್ ನಿಲ್ಲಿಸುವುದೆಂದರೆ ಜಗಳವೇ. ಆದರೂ ಪರೀಕ್ಷೆಯ ಕೋಣೆಯಲ್ಲಿ ಸದ್ದು 40–45 ಡೆಸಿಬೆಲ್ ದಾಟಬಾರದು. ಆ ಐದು ನಿಮಿಷ ಕೂಲರ್ ಆರಿಸಲೇಬೇಕು. ಕೂಸಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ, ನಿದ್ದೆ ಹತ್ತಿದ ಮೇಲೆ ಕಿವಿಯನ್ನು ಮೆಲ್ಲಗೆ ಕೆಳಗೂ ಹಿಂದಕ್ಕೂ ಎಳೆದು ಪ್ರೋಬ್ ಕೂಡಿಸಿ. ಕೈಬಿಟ್ಟಾಗ ಪ್ರೋಬ್ ತಾನಾಗಿ ನಿಲ್ಲಬೇಕು. ಕೈಯಲ್ಲಿ ಹಿಡಿದುಕೊಂಡೇ ಇರಬೇಕಾದರೆ ಪ್ರೋಬಿಗೆ ಹಾಕಿದ ಟಿಪ್ ಅಳತೆ ತಪ್ಪಿದೆ ಎಂದೇ ಅರ್ಥ.

ಒಂದು ಕೆಟ್ಟ ರೂಢಿ ಬಿಡಿ: ‘ಪಾಸ್’ ಬರುವವರೆಗೆ ಎಂಟು-ಹತ್ತು ಸಲ ಗುಂಡಿ ಒತ್ತುವುದು. ಹಾಗೆ ಒತ್ತುತ್ತ ಹೋದರೆ ಕೇಳದ ಕಿವಿಯೂ ಯಾವುದೋ ಒಂದು ಸಲ ಅಕಸ್ಮಾತ್ ‘ಪಾಸ್’ ಆಗುತ್ತದೆ. ಒಮ್ಮೆ ಪರೀಕ್ಷೆಗೆ ಕೂತಾಗ ಎರಡು ಸಲ, ಸಾಕು. ಆಮೇಲೆ ಮರುಪರೀಕ್ಷೆಯ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆದು, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಅವರು 7, 14, 21ನೇ ದಿನಗಳಂದು ಮನೆಗೆ ಹೋಗುವವರೇ. 14ನೇ ದಿನ ನೆನಪಿಸಿದರೆ ತಿಂಗಳೊಳಗೆ ಕೂಸು ಬರುತ್ತದೆ. ಒಂದೇ ಕಿವಿ ರೆಫರ್ ಆಗಿದ್ದರೂ ಮರುಪರೀಕ್ಷೆ ಎರಡಕ್ಕೂ ಆಗಬೇಕು.

ಪ್ರಶ್ನೆ: ಮಗ ಕಾಮಾಲೆಯಿಂದ 9 ದಿನ ಎಸ್‌ಎನ್‌ಸಿಯುದಲ್ಲಿದ್ದ (ಹುಟ್ಟಿದ ಕೂಸುಗಳ ವಿಶೇಷ ಆರೈಕೆ ಘಟಕ). ಓಎಇ ‘ಪಾಸ್’ ಆಗಿದೆ. ಆದರೂ ‘ಬೆರಾ’ (ಕಿವಿಯ ನರದ ಪರೀಕ್ಷೆ) ಮಾಡಿಸಿ ಎನ್ನುತ್ತಾರೆ. ಬೇಕೇ?
– ತಂದೆ, ಹುಮನಾಬಾದ್

ಉತ್ತರ: ಬೇಕು. ಓಎಇ ಹೇಳುವುದು ಶಂಖದವರೆಗಿನ ಕಥೆ ಮಾತ್ರ. ಜೋರು ಕಾಮಾಲೆ ಪೆಟ್ಟು ಕೊಡುವುದು ಅದರಾಚೆಗಿನ ನರಕ್ಕೆ ಮತ್ತು ಮಿದುಳಿನ ಕಾಂಡಕ್ಕೆ. ಅಂಥ ಕೂಸಿಗೆ ಓಎಇ ಚೆನ್ನಾಗಿಯೇ ಬರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ಅದಕ್ಕೇ 5 ದಿನಕ್ಕಿಂತ ಹೆಚ್ಚು ಐಸಿಯುದಲ್ಲಿದ್ದ ಕೂಸುಗಳಿಗೆ ನರದ ಪರೀಕ್ಷೆಯೇ ಬೇಕೆನ್ನುವುದು.

ಪರೀಕ್ಷೆಯ ದಿನ ಮಗನ ಹಣೆಗೂ ತಲೆಗೂ ಎಣ್ಣೆ ಹಚ್ಚಬೇಡಿ, ಎಲೆಕ್ಟ್ರೋಡ್ ಅಂಟುವುದಿಲ್ಲ. ಬೀದರಿಗೆ ಹೋಗುವಾಗ ಬಸ್ಸಿನಲ್ಲಿ ಮಲಗಗೊಡಬೇಡಿ, ಆಸ್ಪತ್ರೆ ಮುಟ್ಟಿದ ಮೇಲೆ ಹಾಲು ಕುಡಿಸಿ. ಮೂರು ತಿಂಗಳೊಳಗೆ ಹೋದರೆ ಸಹಜ ನಿದ್ದೆಯಲ್ಲೇ ಮುಗಿಯುತ್ತದೆ. ದೊಡ್ಡದಾದ ಮೇಲೆ ನಿದ್ದೆಯ ಔಷಧಿ ಬೇಕಾಗಬಹುದು.

ಪ್ರಶ್ನೆ: ಮೊಮ್ಮಗಳಿಗಿ ರೆಫರ್ ಅಂತ ಬರ್ದು ಕೊಟ್ಟಾರ್ರಿ. ಮನ್ಯಾಗ ತಾಟು ಬಡದ್ರ ಕೂಸು ಬೆಚ್ಚಿ ಬೀಳ್ತದ. ಮತ್ತ ದವಾಖಾನಿಗಿ ಯಾಕ ಹೋಗ್ಬೇಕ್ರಿ?
– ಅಜ್ಜಿ, ಆಳಂದ

ಉತ್ತರ: ಹೋಗಲೇಬೇಕು, ತಾಯಿ. ತಾಟಿನ ಸದ್ದು ಮಾತಿಗಿಂತ ಎಷ್ಟೋ ಪಾಲು ಜೋರು. ಮಾತು ಕೇಳದಷ್ಟು ಮಂದವಾದ ಕಿವಿಗೂ ಅದು ಕೇಳುತ್ತದೆ. ಒಂದೇ ಕಿವಿ ನೆಟ್ಟಗಿದ್ದರೂ ಕೂಸು ಬೆಚ್ಚುತ್ತದೆ. ರೆಫರ್ ಎಂದರೆ ಕಿವುಡು ಎಂದಲ್ಲ, ಇನ್ನೊಮ್ಮೆ ನೋಡಬೇಕು ಎಂದಷ್ಟೇ. ಸಾವಿರ ಕೂಸುಗಳಲ್ಲಿ ಒಂದರಿಂದ ಮೂರಕ್ಕೆ ಮಾತ್ರ ಹುಟ್ಟಿನಿಂದ ಕಿವಿಯ ತೊಂದರೆ ಇರುತ್ತದೆ. ಆದರೆ ಆ ಒಂದು ಯಾವುದು ಎಂದು ತಾಟು ಹೇಳಲಾರದು. ದೋಷವಿದ್ದದ್ದು ಮೂರು ತಿಂಗಳಲ್ಲಿ ಗೊತ್ತಾಗಿ ಆರು ತಿಂಗಳೊಳಗೆ ಕಿವಿಯಂತ್ರ ಕೂತರೆ ಮಾತು ಕಲಿಯುವುದು ಸುಲಭ.

ಎರೆಯುವಾಗ ಕೂಸಿನ ಕಿವಿಗೆ ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಿ. ಎಣ್ಣೆ ತುಂಬಿದ ಕಿವಿ ಮತ್ತೆ ರೆಫರ್ ಎಂದೇ ತೋರಿಸುತ್ತದೆ. ಕೂಸಿನ ತಂದೆ-ತಾಯಿ ಸೋದರಮಾವ-ಸೊಸೆಯೋ, ಅತ್ತೆ-ಮಾವನ ಮಕ್ಕಳೋ ಆಗಿದ್ದರೆ ಪರೀಕ್ಷೆ ಮಾಡುವವರಿಗೆ ಮುಚ್ಚಿಡದೆ ಹೇಳಿ.