ಇಂಪ್ಲಾಂಟ್ ಮೇಲಿನ ಕ್ಯಾಪಿನ ಆಕಾರದಿಂದ ವಸಡು ಕೆಡುತ್ತದೆಯೇ?

ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಿ ಎಂಟು ತಿಂಗಳಾಗಿದೆ, ದಿನಕ್ಕೆರಡು ಬಾರಿ ಉಜ್ಜಿದರೂ ಅದರ ಮೇಲಿನ ಕ್ಯಾಪಿನ, ಅಂದರೆ ಕೃತಕ ಹಲ್ಲಿನ, ಸುತ್ತ ರಕ್ತ ಬರುತ್ತದೆ, ತಪ್ಪು ನನ್ನದೇ ಇರಬಹುದೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ದಂತವೈದ್ಯನಾಗಿ ನಾನು ಕಂಡಂತೆ, ಎಷ್ಟೋ ಸಲ ತಪ್ಪು ಉಜ್ಜುವವರದಲ್ಲ, ಕ್ಯಾಪಿನ ಆಕಾರದ್ದು.

ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ನೇರವಾಗಿ ನಾಟಿಕೊಂಡಿರುತ್ತವೆ. ಟೈಟೇನಿಯಂ ಇಂಪ್ಲಾಂಟ್ ಸುತ್ತ ಅವು ಅದಕ್ಕೆ ಒತ್ತಿಕೊಂಡು ಸಾಗುತ್ತವೆಯೇ ಹೊರತು ಒಳಗೆ ನಾಟಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಸೇರಿದ ಕೊಳೆ ಬೇಗ ಕೆಳಗಿಳಿಯುತ್ತದೆ. ಇಂಪ್ಲಾಂಟಿನ ಅಗಲ ಸುಮಾರು 4 ಮಿ.ಮೀ., ದವಡೆ ಹಲ್ಲಿನದು 10 ಮಿ.ಮೀ. ಆಸುಪಾಸು, ಕ್ಯಾಪು ಈ ಕಿರಿದಿನಿಂದ ಆ ಅಗಲಕ್ಕೆ ಬುಗುರಿಯಂತೆ ಮೆಲ್ಲಮೆಲ್ಲನೆ ಹರಡಬೇಕು, ಅಣಬೆಯಂತೆ ಒಮ್ಮೆಲೇ ಕೊಡೆ ಬಿಚ್ಚಬಾರದು. ಈ ಹರಡುವ ಕೋನ 30 ಡಿಗ್ರಿ ಮೀರಿದ ಕಡೆ, ಅದರಲ್ಲೂ ಕ್ಯಾಪಿನ ಮೈ ಉಬ್ಬಿದ್ದರೆ, ಇಂಪ್ಲಾಂಟ್ ಸುತ್ತಲಿನ ಮೂಳೆ ಕರಗುವ ಕಾಯಿಲೆ ಹೆಚ್ಚಾಗಿ ಕಂಡಿರುವುದನ್ನು 2018ರಿಂದೀಚಿನ ಅಧ್ಯಯನಗಳು ದಾಖಲಿಸಿವೆ.

ಮಂಡ್ಯದ ಕಡೆ ಆಲೆಮನೆ ನಡೆಸುವ ಹಿರಿಯರೊಬ್ಬರು ಇದೇ ದೂರು ಹೊತ್ತು ಬಂದಿದ್ದರು. ಹಲ್ಲಿನ ಸಂದಿ ಉಜ್ಜುವ ಅತಿ ಸಣ್ಣ ಇಂಟರ್‌ಡೆಂಟಲ್ ಬ್ರಷ್ ಕೂಡ ಕ್ಯಾಪಿನ ಅಡಿಗೆ ತೂರುತ್ತಿರಲಿಲ್ಲ. ಸ್ಕ್ರೂ ಬಿಚ್ಚಿ ಕ್ಯಾಪನ್ನು ತಿರುಗಿಸಿ ಹಿಡಿದಾಗ, ಉಬ್ಬಿನ ಕೆಳಗೆ ಹಳದಿ ಬಣ್ಣದ ಕೊಳೆ ಉಂಗುರದಂತೆ ಕೂತಿತ್ತು, ವಾಸನೆಯೂ ಇತ್ತು. ಎಕ್ಸ್-ರೇಯಲ್ಲಿ ಮೂಳೆ ಇನ್ನೂ ಕರಗಿರಲಿಲ್ಲ, ಅದು ಅವರ ಪುಣ್ಯ. ಲ್ಯಾಬಿನಲ್ಲಿ ಉಬ್ಬನ್ನು ತೆಗೆಸಿ, ಆ ಭಾಗವನ್ನು ನುಣುಪುಗೊಳಿಸಿ ಮತ್ತೆ ಕೂರಿಸಿದ ಮೇಲೆ, ಮುಂದಿನ ತಿಂಗಳು ಬ್ರಷ್ಷಿನಲ್ಲಿ ರಕ್ತದ ಗುರುತೇ ಇರಲಿಲ್ಲ. ಅಷ್ಟು ದಿನ ಆ ಮನುಷ್ಯ ತನ್ನನ್ನೇ ದೂಷಿಸಿಕೊಂಡಿದ್ದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದ್ದರೆ ಇನ್ನೊಂದು ಅಪಾಯವಿದೆ: ವಸಡಿನೊಳಗೆ ಜಾರಿ ಉಳಿದ ಸಿಮೆಂಟಿನ ಚೂರು ಕೂಡ ಹೀಗೆಯೇ ರಕ್ತ ತರಿಸುತ್ತದೆ, ಉಬ್ಬು ಹೆಚ್ಚಿದ್ದಷ್ಟೂ ಆ ಚೂರನ್ನು ತೆಗೆಯುವುದು ಕಷ್ಟ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ.

ನೀವು ಈಗ ಒಂದು ಎಕ್ಸ್-ರೇ ತೆಗೆಸಿ, ಕ್ಯಾಪ್ ಸ್ಕ್ರೂವಿನದೋ ಸಿಮೆಂಟಿನದೋ ಎಂದು ಕೇಳಿ, ಅದರ ಅಡಿಗೆ ಬ್ರಷ್ ಹೋಗುವುದನ್ನು ನಿಮ್ಮ ಎದುರಿಗೇ ತೋರಿಸಿಕೊಡಿ ಎಂದು ವೈದ್ಯರನ್ನು ಒತ್ತಾಯಿಸಿ. ಮೂಳೆ ಉಳಿದಿದ್ದು ವಸಡು ಮಾತ್ರ ಬಾತಿದ್ದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಕೀವು ಕಂಡರೆ ಅಥವಾ ಹಲ್ಲು ಅಲುಗಿದರೆ ಈ ವಾರವೇ ತೋರಿಸಿ.