ಔಟ್‌ಬೋರ್ಡ್ ಗೇರ್‌ಕೇಸಿನಲ್ಲಿ ಕಚ್ಚಿಕೊಂಡ ಸ್ಟಡ್ ತೆಗೆಯಲು ಯಾವ ಈಸಿ-ಔಟ್ ಒಳ್ಳೆಯದು?

ಮುರಿದ ಸ್ಟಡ್ಡಿನೊಳಗೆ ಸಿಕ್ಕಿಸಿ ತಿರುಗಿಸಿ ತೆಗೆಯುವ ಈಸಿ-ಔಟ್ ಯಾವುದೂ ಬೇಡ ಮಾರಾಯ್ರೇ. ಎಂಜಿನ್ನಿನ ಕೆಳಭಾಗದ ಗೇರ್‌ಕೇಸನ್ನು ಹಿಡಿದಿಡುವ ಒಂದು ಸ್ಟಡ್ಡಿನ (ತಲೆಯಿಲ್ಲದ ಬೋಲ್ಟಿನ) ಥ್ರೆಡ್ ಹೋಗಿದೆ, ಉಳಿದ ಮೂರನ್ನೂ ಕಿತ್ತು ಹೊಸದು ಹಾಕುತ್ತೇನೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆಯೊಳಗೆ ತಳಮಳ ಆಯ್ತು.

ನಮ್ಮದು ಗಂಗೊಳ್ಳಿ. ನಾಡದೋಣಿ, ಅದಕ್ಕೆ 9.9 ಎಚ್‌ಪಿ ಎಂಜಿನ್. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಮ್ಮಂಥವರಿಗೆ ನಾಲ್ಕು ಕಾಸು ಕಾಣುವುದು ಆಗಲೇ. ಅಂಥ ಒಂದು ಜುಲೈಯಲ್ಲಿ ಎಂಜಿನ್ ಬಿಸಿಯಾಗತೊಡಗಿತು. ಎಂಜಿನ್ ತಣಿಸುವ ನೀರಿನ ಪಂಪಿನ ಇಂಪೆಲ್ಲರ್, ಅಂದರೆ ಒಳಗಿನ ರಬ್ಬರ್ ಚಕ್ರ, ಸವೆದಿತ್ತು. ಅದನ್ನು ಬದಲಾಯಿಸಲು ಗೇರ್‌ಕೇಸ್ ಇಳಿಸಲೇಬೇಕು. ಮೂರು ನಟ್ಟು ಬಂದವು, ನಾಲ್ಕನೆಯದು ಕದಲಲಿಲ್ಲ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದೆ. ಅಷ್ಟು ಹೊತ್ತು ಕಲ್ಲಿನ ಹಾಗಿದ್ದದ್ದು ಒಮ್ಮೆಲೇ ಮೆತ್ತಗೆ ತಿರುಗಿತು. ಸಡಿಲ ಆಯ್ತು ಅಂದುಕೊಂಡೆ. ಸಡಿಲ ಆಗಿರಲಿಲ್ಲ, ಸ್ಟಡ್ಡೇ ಹಗ್ಗದ ಹಾಗೆ ಹುರಿಗೊಳ್ಳುತ್ತಿತ್ತು. ಇನ್ನೊಂದು ಎಳೆತಕ್ಕೆ ಗೇರ್‌ಕೇಸಿನ ಮಟ್ಟಕ್ಕೇ ತುಂಡಾಯಿತು. ಆ ಮೆತ್ತಗಾಗುವುದು ಕೈಗೆ ತಿಳಿದ ಕ್ಷಣವೇ ನಿಲ್ಲಿಸಬೇಕಿತ್ತು.

ಆದರೆ ನನ್ನನ್ನು ಮುಳುಗಿಸಿದ್ದು ಅದಲ್ಲ. ಮುರಿದ ಸ್ಟಡ್ಡಿಗೆ ತೂತು ಕೊರೆದು ಈಸಿ-ಔಟ್ ಹಾಕಿದ್ದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 8 ಮಿಮೀ ದಪ್ಪದ ಇಡೀ ಸ್ಟಡ್ ಯಾವ ಬಲಕ್ಕೆ ಮುರಿಯಿತೋ ಆ ಬಲಕ್ಕೂ ಒಳಗಿನ ತುಂಡು ಜಗ್ಗಿಲ್ಲ. ಅದರೊಳಗೆ ಕೂರುವ ಈಸಿ-ಔಟ್ ಸ್ಟಡ್ಡಿಗಿಂತ ಎಷ್ಟೋ ಸಣ್ಣದು. ದೊಡ್ಡದು ಮಾಡಲಾಗದ ಕೆಲಸವನ್ನು ಸಣ್ಣದು ಹೇಗೆ ಮಾಡುತ್ತದೆ? ಮೇಲಿಂದ ಅದರ ತುದಿ ಚೂಪು, ಬಿಗಿಯಾದಷ್ಟೂ ಬೆಣೆಯ ಹಾಗೆ ಸ್ಟಡ್ಡನ್ನು ಹೊರಕ್ಕೆ ಅರಳಿಸುತ್ತದೆ. ಅಂದರೆ ಕಚ್ಚಿಕೊಂಡಿದ್ದನ್ನು ಇನ್ನಷ್ಟು ಕಚ್ಚಿಸುತ್ತದೆ. ನನ್ನದು ಟಕ್ ಎಂದು ಒಳಗೇ ಮುರಿಯಿತು. ಆ ಉಕ್ಕು ಎಷ್ಟು ಗಟ್ಟಿ ಎಂದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತದೆ. ಜಾರಿದ ಬಿಟ್ ಪಕ್ಕದ ಮೆತ್ತಗಿನ ಅಲ್ಯೂಮಿನಿಯಂಗೆ ನುಗ್ಗಿತು. ದುಂಡಗಿದ್ದ ತೂತು ಮೊಟ್ಟೆಯಾಕಾರ ಆಯ್ತು. ಕೊನೆಗೆ ಲೇತಿನ ಮೇಸ್ತ್ರಿಯೊಬ್ಬರು ಕಾರ್ಬೈಡ್ ಬಿಟ್ಟಿನಲ್ಲಿ ಚೂರುಚೂರಾಗಿ ಕೆರೆದು ತೆಗೆದು, ತೂತು ದೊಡ್ಡದು ಮಾಡಿ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿಯ ಸುರುಳಿ) ಕೂರಿಸಿದರು. ಅಷ್ಟರಲ್ಲಿ ಹದಿನಾರು ದಿನ ದೋಣಿ ದಡದಲ್ಲೇ.

ಅವರೇ ಅದೇ ಗೇರ್‌ಕೇಸಿನ ಇನ್ನೊಂದು ಬಾಗಿದ ಸ್ಟಡ್ಡನ್ನು ನನ್ನೆದುರೇ ತೆಗೆದರು. ಉಪ್ಪುನೀರಿನಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಇದ್ದರೆ ಕರಗುವುದು ಅಲ್ಯೂಮಿನಿಯಂ. ಅದು ಬಿಳಿ ಪುಡಿಯಾಗಿ, ಮೊದಲಿಗಿಂತ ಜಾಸ್ತಿ ಜಾಗ ತಗೊಂಡು ಥ್ರೆಡ್ಡಿನಲ್ಲಿ ಗಾರೆಯ ಹಾಗೆ ಕೂರುತ್ತದೆ. ಎಣ್ಣೆ ಬಿಟ್ಟರೂ ಸುಲಭಕ್ಕೆ ಇಳಿಯುವುದಿಲ್ಲ. ಅವರು ಗೇರ್ ಆಯಿಲ್ ಖಾಲಿ ಮಾಡಿ, ಶಾಫ್ಟು, ರಬ್ಬರ್ ಸೀಲು ಎಲ್ಲ ಬಿಚ್ಚಿ, ಪೆಟ್ರೋಲ್ ಡಬ್ಬವನ್ನು ಅಂಗಳದಾಚೆ ಇಟ್ಟು, ಗ್ಯಾಸ್ ಟಾರ್ಚಿನಿಂದ ಸ್ಟಡ್ಡನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಅನ್ನು ಕಾಯಿಸಿದರು. ಒಂದೇ ಕಡೆ ನಿಲ್ಲಿಸದೆ, ಸುತ್ತ ಆಡಿಸುತ್ತಾ. ನೀರಿನ ಹನಿ ಬಿದ್ದ ಕೂಡಲೇ ಚುರ್ ಎಂದು ಹಾರಿದರೆ ಸಾಕು. ಅಲ್ಯೂಮಿನಿಯಂ ಕೆಂಪಾಗುವುದನ್ನು ಕಾಯಬೇಡಿ, ಅದು ಕೆಂಪಾಗದೆಯೇ ಕರಗಿಬಿಡುತ್ತದೆ. 8 ಮಿಮೀ ತೂತು 100 ಡಿಗ್ರಿ ಬಿಸಿ ಏರಿದರೆ 0.02 ಮಿಮೀಯಷ್ಟೂ ಹಿಗ್ಗುವುದಿಲ್ಲ. ಆದರೆ ಆ ಗಾರೆ ಬಿರುಕು ಬಿಡಲು ಅಷ್ಟು ಸಾಕು.

ಆಮೇಲೆ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರು. ಮೇಣ ಕರಗಿ ಥ್ರೆಡ್ಡಿನೊಳಗೆ ಹೋಯಿತು. ಸ್ಟಡ್ಡಿಗೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು, ಮೇಲಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಮೊದಲು ಬಿಗಿಯುವ ಕಡೆಗೇ ಒಂದು ಚೂರು. ಆಮೇಲೆ ಕೆಳಗಿನ ನಟ್ಟಿಗೆ ಕೊಟ್ಟು ಸಡಿಲಿಸುವ ಕಡೆಗೆ. ಮತ್ತೆ ಬಿಗಿಯುವ ಕಡೆಗೆ. ಪೈಪ್ ಇಲ್ಲ, ಬರೀ ಮಣಿಕಟ್ಟಿನ ಬಲ. ಆರು ಸಲ ಕಾಯಿಸಿದರು, ಮಧ್ಯೆ ಚಹಾ ಕುಡಿದರು. ಸ್ಟಡ್ ಹೊರಗೆ ಬಂದಾಗ ಥ್ರೆಡ್ಡಿನ ತುಂಬಾ ಎಲೆಗೆ ಹಚ್ಚುವ ಸುಣ್ಣದ ಹಾಗೆ ಬಿಳಿ.

ಹಾಗಾಗಿ ನಿಮ್ಮ ಗಟ್ಟಿ ಇರುವ ಮೂರು ಸ್ಟಡ್ಡುಗಳನ್ನು ಮುಟ್ಟಲೇಬೇಡಿ. ಬಾಗಿಲ್ಲ, ಥ್ರೆಡ್ ಚೆನ್ನಾಗಿದೆ ಅಂದರೆ ಡೈ (ಥ್ರೆಡ್ ತಿದ್ದುವ ಉಪಕರಣ) ಓಡಿಸಿ ಸ್ವಚ್ಛ ಮಾಡಿ, ಅಷ್ಟೇ. ಕಚ್ಚಿಕೊಂಡಿದೆ ಅನ್ನುವುದು ತೆಗೆಯಲು ಕಾರಣ ಅಲ್ಲ, ಸ್ಟಡ್ ಇರುವುದೇ ಕಚ್ಚಿಕೊಂಡಿರಲು ಅಲ್ವಾ? ಹಾಳಾದ ಒಂದನ್ನು ಮಾತ್ರ ಕಾಯಿಸಿ ತೆಗೆಯಿರಿ. ಅದೂ ಮುರಿದರೆ ಡ್ರಿಲ್ ಹಿಡಿಯಬೇಡಿ, ಒಳ್ಳೆಯ ವೆಲ್ಡರ್ ಹತ್ತಿರ ಹೋಗಿ ತುಂಡಿನ ಮೇಲೆ ನಟ್ಟು ಬೆಸೆಸಿ. ಸ್ಟೀಲಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಬಿಸಿಗೇ ಅರ್ಧ ಕೆಲಸ ಆಗುತ್ತದೆ. ಹೊಸ ಸ್ಟಡ್ಡಿಗೆ ಮರೈನ್ ಗ್ರೀಸ್ ಹಚ್ಚಿ. ತಾಮ್ರ ಬೆರೆತದ್ದು ಬೇಡ, ಉಪ್ಪುನೀರಿನಲ್ಲಿ ಅದು ಅಲ್ಯೂಮಿನಿಯಂ ಅನ್ನು ಇನ್ನೂ ಬೇಗ ತಿನ್ನುತ್ತದೆ.

ಹಾಳಾದ ಸ್ಟಡ್ ಹೊರಗೆ ಎಷ್ಟು ಉದ್ದ ಉಳಿದಿದೆ, ಅದರಲ್ಲಿ ಒಳ್ಳೆಯ ಥ್ರೆಡ್ ಎಷ್ಟು ಅಂತ ಅಳೆದು ಹೇಳಿ. 8 ಮಿಮೀ ಸ್ಟಡ್ ಆದರೆ ಎರಡು ನಟ್ಟು ಕೂರಲು 14 ಮಿಮೀ ಆದರೂ ಬೇಕು.