ಪ್ರಶ್ನಾವಳಿ ಕೇಳಿ ಅಳೆದ ದೈಹಿಕ ಚಟುವಟಿಕೆಯನ್ನು ಎಷ್ಟು ನಂಬಬಹುದು?

ಸ್ನಾತಕೋತ್ತರ ಪ್ರಬಂಧಕ್ಕಾಗಿ ಇನ್ನೂರು ಜನರ ದೈಹಿಕ ಚಟುವಟಿಕೆ ಅಳೆಯಬೇಕು, ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿಯಾದ ಐಪ್ಯಾಕ್‌ನ ಕಿರು ಪ್ರಶ್ನಾವಳಿ ಆರಿಸಿಕೊಂಡಿದ್ದೇನೆ, ಆದರೆ ಗೈಡ್ "ಜನ ಬಾಯಲ್ಲಿ ಹೇಳಿದ್ದನ್ನೆಲ್ಲ ನಂಬೋಕಾಗಲ್ಲ, ಸಾಧನ ಕಟ್ಟಿ ಅಳೆಯಿರಿ" ಅನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಆರೋಗ್ಯ ಸಮೀಕ್ಷೆಗಳಲ್ಲಿ ಇಂಥ ಪ್ರಶ್ನಾವಳಿ ಹಿಡಿದು ಜನರನ್ನು ಮಾತಾಡಿಸುವುದು, ಬಂದ ಉತ್ತರಗಳನ್ನು ಲೆಕ್ಕಕ್ಕೆ ಇಳಿಸುವುದು ಹಲವು ವರ್ಷಗಳಿಂದ ನನ್ನ ಕೆಲಸ. ನನ್ನ ಸಲಹೆ: ಪ್ರಶ್ನಾವಳಿಯನ್ನೇ ಬಳಸಿ. ಯಾರದ್ದು ಹೆಚ್ಚು, ಯಾರದ್ದು ಕಡಿಮೆ, ಆ ಚಟುವಟಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಅದು ತಕ್ಕಮಟ್ಟಿಗೆ ಹೇಳುತ್ತದೆ. "ಇವರು ವಾರಕ್ಕೆ ಇಷ್ಟು ನಿಮಿಷ ಮಾಡುತ್ತಾರೆ" ಎಂದು ಮಾತ್ರ ಅದರ ಮೇಲೆ ಭಾರ ಹಾಕಿ ಬರೆಯಬೇಡಿ.

ನಿಮ್ಮ ಗೈಡ್ ಅನುಮಾನಕ್ಕೆ ಗಟ್ಟಿ ಆಧಾರವಿದೆ. ಐಪ್ಯಾಕ್ ರೂಪಿಸಿದವರೇ ಅದನ್ನು 12 ದೇಶಗಳಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಿಷ್ಟು ದಿನ ಬಿಟ್ಟು ಅದೇ ವ್ಯಕ್ತಿಯನ್ನು ಮತ್ತೆ ಕೇಳಿದಾಗ ಉತ್ತರಗಳು ಚೆನ್ನಾಗಿಯೇ ಹೊಂದಿದವು, ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಂಕಿ, 1 ಅಂದರೆ ಪೂರ್ತಿ) ಸುಮಾರು 0.8. ಆಕ್ಸಲರೋಮೀಟರ್ (ಮೈಯ ಅಲುಗಾಟ ದಾಖಲಿಸುವ ಸಣ್ಣ ಸಾಧನ) ಕಟ್ಟಿ ಅಳೆದದ್ದರ ಜೊತೆ ಇಟ್ಟು ನೋಡಿದಾಗ ಅದು ಸುಮಾರು 0.3ಕ್ಕೆ ಇಳಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 2003–04ರಲ್ಲಿ ಸಾಧನ ಕಟ್ಟಿ ಅಳೆದಾಗ, ಶಿಫಾರಸು ಮಾಡಿದಷ್ಟು ಚಟುವಟಿಕೆ ಮಾಡುವ ವಯಸ್ಕರು ನೂರಕ್ಕೆ ಐದು ಮಂದಿಯೂ ಸಿಗಲಿಲ್ಲ. ಬರೀ ಕೇಳಿ ಬರೆದುಕೊಂಡಾಗ ಬರುವ ಪ್ರಮಾಣ ಅದರ ಹಲವು ಪಟ್ಟು.

ಹಾಗಂತ ಜನ ಸುಳ್ಳು ಹೇಳುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎದುರಿಗೆ ಕೂತವರ ಮುಂದೆ ಚೆನ್ನಾಗಿ ಕಾಣಬೇಕೆಂಬ ಆಸೆಗೆ ಸ್ವಲ್ಪ ಪಾಲಿದೆ, ನಿಜ. ಆದರೆ ದೊಡ್ಡ ತೊಡಕು ಬೇರೆ ಕಡೆ ಇದೆ. ನಿತ್ಯ ಬೆಳಗ್ಗೆ ಓಡುವವರಿಗೆ ಓಟದ ಲೆಕ್ಕ ಬಾಯಲ್ಲೇ ಇರುತ್ತದೆ. ದಿನವಿಡೀ ಹತ್ತು ಕೆಲಸಗಳಲ್ಲಿ ಹರಿದು ಹಂಚಿಹೋದ ಚಟುವಟಿಕೆಯನ್ನು ಕೂಡಿಸಿ "ಕಳೆದ ಏಳು ದಿನಗಳಲ್ಲಿ ಇಷ್ಟು" ಅನ್ನುವುದು ಯಾರಿಗಾದರೂ ಕಷ್ಟ. ಜೊತೆಗೆ ಶ್ರಮ ಅನ್ನುವುದು ಅವರವರ ಮೈಗೆ ತಕ್ಕಂತೆ ಬದಲಾಗುತ್ತದೆ. ಅದೇ ಮೆಟ್ಟಿಲು ಒಬ್ಬರಿಗೆ ಏನೂ ಅಲ್ಲ, ಇನ್ನೊಬ್ಬರಿಗೆ ಏದುಸಿರು.

ಒಬ್ಬ ಗೃಹಿಣಿಯನ್ನು ಕಿರು ಪ್ರಶ್ನಾವಳಿಯಂತೆ ಕೇಳಿದ್ದು ನೆನಪಿದೆ. ಭಾರಿ ಚಟುವಟಿಕೆ? ಇಲ್ಲ. ಮಧ್ಯಮ? ಅದೂ ಇಲ್ಲ. ನಡಿಗೆ? ಮಗುವನ್ನು ಶಾಲೆಗೆ ಬಿಟ್ಟು ಬರುವುದು, ವಾರಕ್ಕೆ ಐದು ದಿನ, ಇಪ್ಪತ್ತು ನಿಮಿಷ. ಮೆಟ್ ಅಂದರೆ ಸುಮ್ಮನೆ ಕೂತಾಗಿನ ಶಕ್ತಿವ್ಯಯದ ಎಷ್ಟು ಪಟ್ಟು ಎಂಬ ಲೆಕ್ಕ. ನಡಿಗೆಗೆ 3.3 ಮೆಟ್, ಇಪ್ಪತ್ತು ನಿಮಿಷ, ಐದು ದಿನ, ಗುಣಿಸಿದರೆ ಒಟ್ಟು 330 ಮೆಟ್-ನಿಮಿಷ. ನಿಯಮದ ಪ್ರಕಾರ 'ಕಡಿಮೆ' ವರ್ಗ. ಹಾಳೆ ಮಡಿಚುವ ಮೊದಲು "ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ" ಅಂದೆ. ನೆಲ ಒರೆಸುವುದು, ಬಟ್ಟೆ ಕೈಯಲ್ಲೇ ಒಗೆಯುವುದು, ನೀರಿನ ಬಕೆಟ್ ಎತ್ತಿಡುವುದು, ಎಲ್ಲ ಹೊರಗೆ ಬಂತು. "ಅದು ಮನೆಗೆಲಸ ಅಲ್ವಾ ಮೇಡಂ, ಅದನ್ನೂ ಹೇಳ್ಬೇಕಾ?" ಎಂದು ಕೇಳಿದರು. ದಿನಕ್ಕೆ ಎಷ್ಟು ಹೊತ್ತು ಎಂದರೆ "ಒಂದು ಗಂಟೆ ಇರಬಹುದು, ಎರಡೂ ಆಗುತ್ತೆ" ಎಂದರು.

ಈಗ ಲೆಕ್ಕ ನೋಡಿ. ಕಿರು ಪ್ರಶ್ನಾವಳಿಯಲ್ಲಿ ಮಧ್ಯಮ ಚಟುವಟಿಕೆಗೆ 4 ಮೆಟ್. ದಿನಕ್ಕೆ ಒಂದು ಗಂಟೆಯಂತೆ ಏಳು ದಿನಕ್ಕೆ 1680, ನಡಿಗೆ ಸೇರಿ 2010: 'ಮಧ್ಯಮ' ವರ್ಗ. ಎರಡು ಗಂಟೆ ಎಂದು ಬರೆದುಕೊಂಡರೆ 3360, ನಡಿಗೆ ಸೇರಿ 3690. ಏಳೂ ದಿನ ಚಟುವಟಿಕೆ ಇದ್ದು ಮೊತ್ತ 3000 ದಾಟಿದ್ದರಿಂದ 'ಹೆಚ್ಚು'. ಒಬ್ಬರೇ ಹೆಂಗಸು, ಅದೇ ವಾರ, ಮೂರು ವರ್ಗ. ಇನ್ನೂ ಒಂದಿದೆ. ಐಪ್ಯಾಕ್‌ನ ದೀರ್ಘ ರೂಪದಲ್ಲಿ ಮನೆಯೊಳಗಿನ ಮಧ್ಯಮ ಕೆಲಸಕ್ಕೆ 3 ಮೆಟ್ ಮಾತ್ರ. ಅದೇ ಎರಡು ಗಂಟೆ ಅಲ್ಲಿ ಒಟ್ಟು 2850 ಆಗಿ, ಅವರು ಮತ್ತೆ 'ಮಧ್ಯಮ'ಕ್ಕೆ ಬರುತ್ತಾರೆ. ಇಲ್ಲಿ ಯಾರೂ ಬಡಾಯಿ ಕೊಚ್ಚಲಿಲ್ಲ. ನಾವು ಹೇಗೆ ಕೇಳಿದೆವು, ಯಾವ ಫಾರಂ ಹಿಡಿದಿದ್ದೆವು ಅನ್ನುವುದೇ ಉತ್ತರವನ್ನು ಅತ್ತಿತ್ತ ಎಳೆಯಿತು.

ಹಾಗಾದರೆ ಸಾಧನ? ಇದೇ ಹೆಂಗಸಿನ ಸೊಂಟಕ್ಕೆ ಆಕ್ಸಲರೋಮೀಟರ್ ಕಟ್ಟಿದ್ದರೆ ಅದು ಬಟ್ಟೆ ಒಗೆದದ್ದನ್ನು ಹೆಚ್ಚುಕಡಿಮೆ ಕೂತಿದ್ದಂತೆಯೇ ದಾಖಲಿಸುತ್ತಿತ್ತು. ಸೊಂಟ ಅಲುಗದ ಕೆಲಸ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಸೈಕಲ್ ತುಳಿಯುವುದನ್ನು ಕಡಿಮೆ ಎಣಿಸುತ್ತದೆ, ಹೊತ್ತ ಭಾರ ಅದಕ್ಕೆ ತಿಳಿಯುವುದಿಲ್ಲ. ನಡೆದದ್ದು ಕೆಲಸಕ್ಕೋ, ಪ್ರಯಾಣಕ್ಕೋ, ಬಿಡುವಿನ ಖುಷಿಗೋ ಎಂದು ಹೇಳುವುದಂತೂ ಸಾಧ್ಯವೇ ಇಲ್ಲ. ಆ 0.3ರ ಪೂರ್ತಿ ಹೊಣೆ ಪ್ರಶ್ನಾವಳಿಯ ತಲೆಗೆ ಕಟ್ಟುವುದು ನ್ಯಾಯವಲ್ಲ ಅನ್ನುವುದಕ್ಕೆ ಇದೇ ಕಾರಣ. ಐಸೊಟೋಪ್ ಬೆರೆಸಿದ ನೀರು ಕುಡಿಸಿ ಶಕ್ತಿವ್ಯಯ ಅಳೆಯುವ ವಿಧಾನ ಎಲ್ಲಕ್ಕಿಂತ ನಿಖರ, ಆದರೆ ತೀರಾ ದುಬಾರಿ, ಮತ್ತು ಅದು ಕೊಡುವುದು ಒಟ್ಟು ಮೊತ್ತ ಮಾತ್ರ. ಅವರವರ ಕೈಯಲ್ಲಿರುವ ಬೇರೆ ಬೇರೆ ಕಂಪನಿಗಳ ಸ್ಮಾರ್ಟ್‌ವಾಚ್‌ಗಳ ಅಂಕಿ ಬೆರೆಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಒಂದೊಂದೂ ಒಂದೊಂದು ರೀತಿ ಲೆಕ್ಕ ಹಾಕುತ್ತದೆ.

ಒರಟು ಅಳತೆಯಿಂದಲೂ ದೊಡ್ಡ ಸತ್ಯ ಸಿಕ್ಕಿದೆ ಎಂದು ಗೈಡ್‌ಗೆ ಹೇಳಿ. ಅಮೆರಿಕದ ಸಂಶೋಧಕ ಪಾಫೆನ್‌ಬಾರ್ಗರ್ ಅವರು ಹಾರ್ವರ್ಡ್‌ನ ಹಳೆಯ ವಿದ್ಯಾರ್ಥಿಗಳಿಗೆ ಅಂಚೆಯಲ್ಲಿ ಕಳಿಸಿದ ಪ್ರಶ್ನೆಗಳು ಎಷ್ಟು ಮೆಟ್ಟಿಲು ಹತ್ತುತ್ತೀರಿ, ಎಷ್ಟು ದೂರ ನಡೆಯುತ್ತೀರಿ, ಯಾವ ಆಟ ಆಡುತ್ತೀರಿ ಎಂಬಷ್ಟು ಸರಳ. 1978ರಲ್ಲಿ ಬಂದ ಆ ಅಧ್ಯಯನದಲ್ಲಿ, ವಾರಕ್ಕೆ 2000 ಕಿಲೊಕ್ಯಾಲರಿಗಿಂತ ಕಡಿಮೆ ವ್ಯಯಿಸುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಶೇ. 64ರಷ್ಟು ಹೆಚ್ಚು ಕಂಡಿತು. ಎಲ್ಲರಲ್ಲೂ ಹೇಗೆಂದರೆ ಹಾಗೆ ಹರಡಿರುವ ತಪ್ಪು ಇಂಥ ಸಂಬಂಧವನ್ನು ಸಾಮಾನ್ಯವಾಗಿ ಮಂಕಾಗಿಸುತ್ತದೆ. ಅಷ್ಟು ಗದ್ದಲದ ನಡುವೆಯೂ ಕೇಳಿಸಿದ ಸದ್ದು ಅದು.

ನಿಮ್ಮ ಕೆಲಸಕ್ಕೆ ಬರೋಣ. ಫಾರಂ ಕೈಗೆ ಕೊಟ್ಟು ತುಂಬಿಸಿಕೊಳ್ಳಬೇಡಿ, ಎದುರು ಕೂತು ಕೇಳಿ. ಮೊದಲು ಎಷ್ಟು ದಿನ, ಆಮೇಲೆ ಅಂಥ ಒಂದು ದಿನದಲ್ಲಿ ಎಷ್ಟು ಹೊತ್ತು. ಈ ಕ್ರಮ ತಪ್ಪಿಸಬೇಡಿ. ಕಿರು ರೂಪದಲ್ಲಿ ಮಧ್ಯಮ ಚಟುವಟಿಕೆಗೆ ಕೊಟ್ಟ ಉದಾಹರಣೆ ಹಗುರ ಭಾರ ಹೊರುವುದು, ಸಾಧಾರಣ ವೇಗದ ಸೈಕಲ್, ಡಬಲ್ಸ್ ಟೆನಿಸ್. ನೀವು ಮಾತಾಡಿಸುವವರ ದಿನಚರಿಗೆ ಹೊಂದುವ ಉದಾಹರಣೆಗಳನ್ನು ಮೊದಲೇ ಗೊತ್ತುಮಾಡಿ, ಎಲ್ಲರಿಗೂ ಅವನ್ನೇ ಹೇಳಿ. ಕೆಲಸ, ಪ್ರಯಾಣ, ಬಿಡುವು ಎಂದು ಬಿಡಿಸಿ ತಿಳಿಯಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 16 ಪ್ರಶ್ನೆಗಳ ಜಿಪ್ಯಾಕ್ ನಿಮಗೆ ಹೆಚ್ಚು ಒಗ್ಗುತ್ತದೆ. ಅದರಲ್ಲಿ ಚಿತ್ರದ ಕಾರ್ಡ್ ತೋರಿಸಿ ಕೇಳುವ ಪದ್ಧತಿಯೂ ಇದೆ.

ಅಂಕಿಗಳು ಬಂದ ಮೇಲೆ ಸರಾಸರಿ ಬದಲು ಮಧ್ಯಾಂಕ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಕೊಡಿ. ಐಪ್ಯಾಕ್ ನಿಯಮದಂತೆ ಯಾವುದೇ ಬಗೆಯ ಚಟುವಟಿಕೆ ದಿನಕ್ಕೆ 180 ನಿಮಿಷ ಮೀರಿದರೆ 180ಕ್ಕೆ ನಿಲ್ಲಿಸಬೇಕು, ಎಲ್ಲ ಸೇರಿ 960 ಮೀರಿದವರನ್ನು ಬಿಡಬೇಕು. ಐಪ್ಯಾಕ್ ಎಣಿಸುವುದು ಒಮ್ಮೆಗೆ ಕನಿಷ್ಠ 10 ನಿಮಿಷ ಮಾಡಿದ್ದನ್ನು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆ 10 ನಿಮಿಷದ ಷರತ್ತನ್ನೇ ಕೈಬಿಟ್ಟಿದೆ. ಆದ್ದರಿಂದ "ಇಷ್ಟು ಶೇಕಡಾ ಜನ ಶಿಫಾರಸು ಮುಟ್ಟಿದ್ದಾರೆ" ಎಂಬ ವಾಕ್ಯ ಬರೆಯುವಾಗ ಎಚ್ಚರ.

ಸಾಧನ ಕೆಲವೇ ಸಿಕ್ಕರೂ ಸಾಕು. ಮೂವತ್ತು, ನಲವತ್ತು ಜನರಿಗೆ ಒಂದು ವಾರ ಕಟ್ಟಿ, ಅದೇ ವಾರದ ಬಗ್ಗೆ ಪ್ರಶ್ನಾವಳಿ ಕೇಳಿ. ಸಹಸಂಬಂಧವೊಂದನ್ನೇ ಕೊಟ್ಟು ಕೈತೊಳೆದುಕೊಳ್ಳಬೇಡಿ, ಎಲ್ಲರೂ ಎರಡು ಪಟ್ಟು ಹೇಳಿದರೂ ಅದು 1 ಬರುತ್ತದೆ. ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸುವ ಬ್ಲಾಂಡ್–ಆಲ್ಟ್‌ಮನ್ ನಕ್ಷೆ ಹಾಕಿ. ಎಷ್ಟು ಹೆಚ್ಚು ಹೇಳುತ್ತಾರೆ, ಹೆಚ್ಚು ಚಟುವಟಿಕೆ ಇದ್ದವರಲ್ಲಿ ವ್ಯತ್ಯಾಸ ಬೆಳೆಯುತ್ತದೆಯೇ ಎಂಬುದು ಅದರಲ್ಲಿ ಕಾಣುತ್ತದೆ.

ಒಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಆ ಇನ್ನೂರು ಜನರಲ್ಲಿ ಅರ್ಧ ಮಂದಿಗೆ ವ್ಯಾಯಾಮದ ತರಬೇತಿ ಕೊಟ್ಟು, ಮೊದಲು ಮತ್ತು ನಂತರ ಅಳೆಯುವ ಯೋಜನೆಯೇ? ಹಾಗಿದ್ದರೆ ಮೇಲಿನ ಸಲಹೆ ನಿಮಗೆ ಹೊಂದುವುದಿಲ್ಲ. ತರಬೇತಿ ಪಡೆದವರಿಗೆ ಏನು ಹೇಳಿದರೆ ನಿಮಗೆ ಇಷ್ಟ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ಹಿಂದೆ ಲೆಕ್ಕಕ್ಕೇ ಇಡದ ಚಟುವಟಿಕೆಯನ್ನು ಗಮನಿಸಲೂ ಅವರು ಕಲಿತಿರುತ್ತಾರೆ. ಆಗ ತಪ್ಪು ಎರಡೂ ಗುಂಪಿನಲ್ಲಿ ಸಮನಾಗಿ ಉಳಿಯುವುದಿಲ್ಲ, ಆಗದ ಬದಲಾವಣೆಯೂ ಆದಂತೆ ಕಾಣಬಹುದು. ಅಂಥ ಅಧ್ಯಯನವಾದರೆ ಗೈಡ್ ಮಾತೇ ಸರಿ. ಜನರ ಸಂಖ್ಯೆ ಕಡಿಮೆ ಮಾಡಿಯಾದರೂ ಸಾಧನ ಕಟ್ಟಿಯೇ ಅಳೆಯಿರಿ.